ಹಿಮ್ಮಡಿಯ ಕೆಳಗಿನ ಬೆಣೆ: ಮಂಡಿ ಸವೆತದೊಂದಿಗೆ ಎಂಟು ತಿಂಗಳು

ಫಿಸಿಯೋಥೆರಪಿಸ್ಟ್ ಮೊದಲು ನೋಡಿದ್ದು ನನ್ನ ಮಂಡಿಯನ್ನಲ್ಲ, ನಾನು ಬಿಚ್ಚಿಟ್ಟ ಶೂಗಳನ್ನು. ಎರಡನ್ನೂ ಬೋರಲು ಹಾಕಿ, ಬಲಗಾಲಿನ ಶೂವಿನ ಹಿಮ್ಮಡಿ ಹೊರ ಅಂಚಿನಲ್ಲಿ ಎಡಗಾಲಿನದಕ್ಕಿಂತ ಎಷ್ಟೋ ಹೆಚ್ಚು ಸವೆದಿರುವುದನ್ನು ಬೆರಳಿಟ್ಟು ತೋರಿಸಿದರು. ಬಹುತೇಕ ಎಲ್ಲರ ಶೂಗಳೂ ಹೊರ ಅಂಚಿನಲ್ಲೇ ತುಸು ಬೇಗ ಸವೆಯುತ್ತವೆ, ಅದೊಂದನ್ನೇ ನಂಬಿ ಏನನ್ನೂ ತೀರ್ಮಾನಿಸಬಾರದು ಎಂದೂ ಅವರೇ ಹೇಳಿದರು. ಆಮೇಲೆ ಎರಡೂ ಹರಡುಗಳನ್ನು, ಅಂದರೆ ಪಾದ ಕಾಲಿಗೆ ಸೇರುವ ಗೆಣ್ಣುಗಳನ್ನು, ಜೋಡಿಸಿ ನೇರವಾಗಿ ನಿಲ್ಲುವಂತೆ ಹೇಳಿ, ಮಂಡಿಗಳ ನಡುವೆ ಉಳಿದ ಸಂದಿನಲ್ಲಿ ತಮ್ಮ ಎರಡು ಬೆರಳು ಸಲೀಸಾಗಿ ತೂರುವುದನ್ನು ನನಗೆ ತೋರಿಸಿದಾಗ, ನನ್ನ ಕಾಲುಗಳು ಸ್ವಲ್ಪ ಬಿಲ್ಲಿನಂತೆ ಹೊರಕ್ಕೆ ಬಾಗಿವೆ ಎಂಬುದನ್ನು ನಾನು ಮೊದಲ ಬಾರಿಗೆ ಗಮನಿಸಿದೆ.

ಆ ವೇಳೆಗೆ ನೋವು ಶುರುವಾಗಿ ಎರಡು ವರ್ಷ ಕಳೆದಿತ್ತು, ನನಗೆ 57 ವರ್ಷವಾಗಿತ್ತು. ನೋವು ಇಡೀ ಮಂಡಿಯಲ್ಲಿ ಹರಡಿರಲಿಲ್ಲ. ಬಲ ಮಂಡಿಯ ಒಳಮಗ್ಗುಲಿನಲ್ಲಿ, ಹೆಬ್ಬೆರಳಿನಿಂದ ಒತ್ತಿ ತೋರಿಸಬಹುದಾದಷ್ಟು ಜಾಗದಲ್ಲಿತ್ತು. ಬೆಳಗ್ಗೆ ಎದ್ದ ಮೇಲೆ ಹತ್ತು ನಿಮಿಷ ಬಿಗಿತ, ಬಹಳ ಹೊತ್ತು ಕುಳಿತು ಎದ್ದರೆ ಮೊದಲ ನಾಲ್ಕೈದು ಹೆಜ್ಜೆಗಳ ತಡವರಿಕೆ, ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವಾಗ ಹೆಚ್ಚಿನ ನೋವು, ಇಪ್ಪತ್ತು ನಿಮಿಷ ನಡೆದ ಮೇಲೆ ಒಳಗಿನಿಂದ ಕೊರೆಯುವಂಥ ಸಂಕಟ. ಮೊದಲು ತೆಗೆಸಿದ ಎಕ್ಸ್-ರೇಯಲ್ಲಿ ವಿಶೇಷವೇನೂ ಇಲ್ಲವೆಂದು ನನ್ನನ್ನು ಕಳುಹಿಸಿಕೊಟ್ಟಿದ್ದರು. ಅದನ್ನು ಮಲಗಿಸಿ ತೆಗೆದಿದ್ದರು. ಮೈಭಾರ ಬೀಳದ ಮಂಡಿಯಲ್ಲಿ ಮೂಳೆಗಳ ನಡುವಿನ ಅಂತರ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು, ಆದ್ದರಿಂದ ಸವೆತವನ್ನು ಅಂದಾಜು ಮಾಡಲು ನಿಂತಿರುವಾಗಲೇ ಚಿತ್ರ ತೆಗೆಯಬೇಕು ಎಂದು ಎರಡನೆಯ ಮೂಳೆತಜ್ಞರು ವಿವರಿಸಿದರು. ನಿಂತು ತೆಗೆಸಿದ ಚಿತ್ರದಲ್ಲಿ ಒಳಬದಿಯ ಅಂತರ ಹೊರಬದಿಗಿಂತ ಸ್ಪಷ್ಟವಾಗಿ ಕಿರಿದಾಗಿತ್ತು, ಮೂಳೆಯ ಅಂಚಿನಲ್ಲಿ ಸಣ್ಣ ಮುಳ್ಳು ಬೆಳೆದಿತ್ತು. ಎಕ್ಸ್-ರೇಯಲ್ಲಿ ಕಾಣುವ ಸವೆತವನ್ನು ಅಳೆಯಲು 1957ರಲ್ಲಿ ರೂಪುಗೊಂಡು ಇಂದಿಗೂ ಬಳಕೆಯಲ್ಲಿರುವ ಕೆಲ್‌ಗ್ರೆನ್-ಲಾರೆನ್ಸ್ ಶ್ರೇಣಿಯಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಹಂತಗಳಿವೆ; ನನ್ನದು ಎರಡನೆಯ ಹಂತವೆಂದು ಅವರು ಬರೆದುಕೊಟ್ಟರು. ಶಸ್ತ್ರಚಿಕಿತ್ಸೆಯ ಮಾತು ಅಲ್ಲಿ ಬರಲೇ ಇಲ್ಲ.

ಫಿಸಿಯೋಥೆರಪಿಸ್ಟ್ ಬಳಿ ಹೋಗುವ ಮೊದಲೇ ನಾನು ಒಂದು ತಪ್ಪು ಮಾಡಿದ್ದೆ. ಶೂವಿನೊಳಗೆ ಮೆತ್ತನೆಯ ಹಾಸು ಹಾಕಿಕೊಂಡರೆ ಮಂಡಿಗೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ ಎಂದು ಪರಿಚಿತರೊಬ್ಬರು ಹೇಳಿದ್ದನ್ನು ನಂಬಿ, ಪಾದದ ಒಳಗಮಾನಿನ ಭಾಗ ಎತ್ತರವಾಗಿ ಉಬ್ಬಿದ್ದ ಜೆಲ್ ಇನ್ಸೋಲ್ ಒಂದನ್ನು ಕೊಂಡು ಮೂರು ವಾರ ಬಳಸಿದೆ. ಮೊದಲ ಎರಡು ದಿನ ಪಾದಕ್ಕೆ ಹಿತವೆನಿಸಿತು. ಒಂದು ವಾರ ತುಂಬುವಷ್ಟರಲ್ಲಿ ಮಂಡಿಯ ಒಳಮಗ್ಗುಲಿನ ನೋವು ಹೆಚ್ಚಾಯಿತು. ಹೊಸ ಇನ್ಸೋಲ್‌ಗೆ ಕಾಲು ಹೊಂದಿಕೊಳ್ಳಲು ಸಮಯ ಬೇಕೆಂದುಕೊಂಡು ಇನ್ನೂ ಎರಡು ವಾರ ಹಲ್ಲು ಕಚ್ಚಿ ನಡೆದೆ. ಆ ಎರಡು ವಾರಗಳನ್ನು ನಾನು ಸುಮ್ಮನೆ ಕಳೆದುಕೊಂಡೆ ಎಂಬ ಬೇಸರ ಇಂದಿಗೂ ಇದೆ.

ಏಕೆ ಹಾಗಾಯಿತೆಂದು ತಿಳಿಯಲು ಮಂಡಿಯ ಮೇಲೆ ಭಾರ ಹೇಗೆ ಬೀಳುತ್ತದೆ ಎಂಬುದನ್ನು ಸ್ವಲ್ಪ ಅರ್ಥಮಾಡಿಕೊಳ್ಳಬೇಕಾಯಿತು. ನಡೆಯುವಾಗ ಒಂದು ಕಾಲು ಮಾತ್ರ ನೆಲದ ಮೇಲಿರುವ ಕ್ಷಣದಲ್ಲಿ ನೆಲ ನಮ್ಮನ್ನು ಮೇಲಕ್ಕೆ ತಳ್ಳುವ ಬಲದ ಗೆರೆ ಪಾದದಿಂದ ಹೊರಟು ದೇಹದ ನಡುಭಾಗದ ಕಡೆಗೆ ಓರೆಯಾಗಿ ಸಾಗುತ್ತದೆ, ಹಾಗಾಗಿ ಅದು ಮಂಡಿಯ ಮಧ್ಯದಲ್ಲಿ ಹಾಯದೆ ಒಳಬದಿಯಲ್ಲಿ ಹಾಯುತ್ತದೆ. ಆ ಗೆರೆಗೂ ಮಂಡಿಯ ನಡುಬಿಂದುವಿಗೂ ಇರುವ ದೂರವೇ ಸನ್ನೆಕೋಲಿನ ತೋಳಿದ್ದಂತೆ. ದೂರ ಹೆಚ್ಚಿದಷ್ಟೂ ಮಂಡಿ ಹೊರಕ್ಕೆ ಬಾಗುವ ಒತ್ತಡ ಹೆಚ್ಚುತ್ತದೆ, ಮೂಳೆಗಳ ತುದಿಯನ್ನು ಹೊದ್ದಿರುವ ನುಣುಪಾದ ಪದರವಾದ ಮೃದ್ವಸ್ಥಿ ಒಳಬದಿಯಲ್ಲಿ ಹೆಚ್ಚು ಹಿಂಡಲ್ಪಡುತ್ತದೆ. ಆರೋಗ್ಯವಂತ ನೇರ ಕಾಲಿನಲ್ಲೂ ಭಾರದ ದೊಡ್ಡ ಪಾಲು ಒಳಬದಿಗೇ ಬೀಳುವುದರಿಂದ ಮಂಡಿ ಸವೆತ ಹೊರಬದಿಗಿಂತ ಒಳಬದಿಯಲ್ಲೇ ಹೆಚ್ಚು ಕಾಣಿಸಿಕೊಳ್ಳುತ್ತದೆ, ಬಿಲ್ಲಿನಂತೆ ಬಾಗಿದ ಕಾಲಿನಲ್ಲಿ ಆ ಪಾಲು ಮತ್ತಷ್ಟು ದೊಡ್ಡದು. ನಾನು ಕೊಂಡ ಜೆಲ್ ಹಾಸು ಪಾದದ ಒಳ ಅಂಚನ್ನು ಎತ್ತಿ ಹಿಡಿಯುತ್ತಿತ್ತು. ಅಂದರೆ, ಆ ಗೆರೆಯನ್ನು ಮಂಡಿಯಿಂದ ಇನ್ನೂ ಒಳಕ್ಕೆ ಸರಿಸುವ ದಿಕ್ಕಿನಲ್ಲಿ ಅದು ಕೆಲಸ ಮಾಡುತ್ತಿತ್ತು. ನನ್ನಂಥ ಮಂಡಿಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ.

ಆ ತದ್ವಿರುದ್ಧದ ಉಪಾಯವೇ ಹೊರ ಅಂಚು ದಪ್ಪಗಿದ್ದು ಒಳ ಅಂಚಿನ ಕಡೆಗೆ ತೆಳ್ಳಗಾಗುತ್ತ ಬರುವ ಬೆಣೆಯಾಕಾರದ ಹಾಸು. ಲ್ಯಾಟರಲ್ ವೆಡ್ಜ್ ಎಂದು ಅದನ್ನು ಕರೆಯುತ್ತಾರೆ. ಜಪಾನಿನ ವೈದ್ಯರು 1980ರ ದಶಕದಲ್ಲಿ ಒಳಬದಿಯ ಮಂಡಿ ಸವೆತಕ್ಕೆ ಇದನ್ನು ಬಳಸಿ ನೋಡಿದ ಫಲಿತಾಂಶಗಳನ್ನು ಪ್ರಕಟಿಸಿದ ಮೇಲೆ ಇದು ಬೇರೆ ಕಡೆಗೂ ಹರಡಿತು. ಹಿಮ್ಮಡಿಯ ಹೊರ ಅಂಚು ತುಸು ಮೇಲೆದ್ದಾಗ ಪಾದದ ಅಡಿಯ ಒತ್ತಡದ ಕೇಂದ್ರ ಹೊರಕ್ಕೆ ಸರಿಯುತ್ತದೆ, ಬಲದ ಗೆರೆ ಮಂಡಿಯ ನಡುವಿಗೆ ಸ್ವಲ್ಪ ಹತ್ತಿರವಾಗುತ್ತದೆ. ಸ್ವಲ್ಪವೆಂದರೆ ನಿಜಕ್ಕೂ ಸ್ವಲ್ಪವೇ: ನಡಿಗೆಯ ಪ್ರಯೋಗಾಲಯಗಳಲ್ಲಿ ಅಳೆದಾಗ ಆ ಬಾಗಿಸುವ ಒತ್ತಡ ಸರಾಸರಿ ಶೇಕಡ ಐದಾರರಷ್ಟು ಇಳಿಯುತ್ತದೆ, ಕೆಲವರಲ್ಲಿ ಇಳಿಯುವುದೇ ಇಲ್ಲ, ಇನ್ನು ಕೆಲವರಲ್ಲಿ ಏರುವುದೂ ಉಂಟು. ಈ ಕೊನೆಯ ಸಂಗತಿಯನ್ನು ಫಿಸಿಯೋಥೆರಪಿಸ್ಟ್ ಮೊದಲ ದಿನವೇ ನನಗೆ ಹೇಳಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಶೂವಿನೊಳಗಿನ ಐದು ಡಿಗ್ರಿಯ ಇಳಿಜಾರಿನ ಮೇಲೆ ನಾನು ಹೊರಲಾಗದಷ್ಟು ಆಸೆಯನ್ನು ಹೇರಿಬಿಡುತ್ತಿದ್ದೆ.

ಅಳತೆಗೆ ಹಾಸು ಮಾಡಿಸುವ ಮೊದಲು ಒಂದು ಪರೀಕ್ಷೆ ನಡೆಯಿತು. ಗಟ್ಟಿ ಫೋಮಿನ ತಾತ್ಕಾಲಿಕ ಬೆಣೆಯೊಂದನ್ನು ನನ್ನ ಹಾಸಿನ ಕೆಳಗೆ ಅಂಟಿಸಿ ಹತ್ತು ನಿಮಿಷ ನಡೆಸಿದರು, ಒಂದು ಮೆಟ್ಟಿಲನ್ನು ಹಲವು ಸಲ ಹತ್ತಿ ಇಳಿಯುವಂತೆ ಹೇಳಿದರು, ಪ್ರತಿ ಸಲವೂ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೇಳಿದರು. ಬೆಣೆ ಇಲ್ಲದಾಗ ಆರು ಎಂದಿದ್ದವನು ಬೆಣೆ ಇದ್ದಾಗ ಐದು ಎಂದೆ. ಅದೇ ಬೆಣೆಯನ್ನು ಇನ್ನಷ್ಟು ದಪ್ಪ ಮಾಡಿದಾಗ ಮಂಡಿಯ ಅಂಕ ಮತ್ತೆ ಇಳಿಯಲಿಲ್ಲ, ಆದರೆ ಹರಡಿನ ಹೊರಭಾಗ ಅಹಿತವೆನಿಸಿತು. ಹೀಗೆ ಐದು ಡಿಗ್ರಿಯೇ ಸಾಕೆಂದು ನಿರ್ಧಾರವಾಯಿತು. ನನ್ನ ಪಾದದ ಕಮಾನು ಸ್ವಲ್ಪ ಚಪ್ಪಟೆಯಾಗಿರುವುದರಿಂದ, ಹೊರ ಅಂಚನ್ನು ಎತ್ತಿದಾಗ ಪಾದ ಒಳಕ್ಕೆ ಕುಸಿದು ಬೆಣೆಯ ಪ್ರಯೋಜನವನ್ನೇ ನುಂಗಿಹಾಕದಂತೆ ಕಮಾನಿಗೂ ಹದವಾದ ಆಸರೆ ಕೊಡಿಸಿದರು. ಬೆಣೆ ಹಿಮ್ಮಡಿಯಲ್ಲಷ್ಟೇ ಇರದೆ ಕಿರುಬೆರಳಿನ ಬುಡದವರೆಗೂ ಸಾಗಬೇಕೆಂಬುದು ಅವರ ಅಭಿಪ್ರಾಯವಾಗಿತ್ತು, ಏಕೆಂದರೆ ಹೆಜ್ಜೆಯ ದ್ವಿತೀಯಾರ್ಧದಲ್ಲಿ ಹಿಮ್ಮಡಿ ನೆಲದಿಂದ ಮೇಲೆದ್ದಿರುತ್ತದೆ. ನೋವು ಬಲಗಾಲಿನಲ್ಲಿದ್ದರೂ ಎಡಶೂವಿಗೂ ಅಷ್ಟೇ ದಪ್ಪದ ಸಮತಟ್ಟಾದ ಹಾಸು ಹಾಕಿಸಿದರು. ಒಂದೇ ಕಾಲನ್ನು ಎತ್ತರಿಸಿ ಸೊಂಟವನ್ನು ಓರೆಯಾಗಿಸುವುದು ಬೇಡವೆಂಬುದು ಅದರ ಉದ್ದೇಶ.

ಹಾಸಿಗಿಂತ ಶೂವಿನ ಆಯ್ಕೆಗೇ ನಾನು ಹೆಚ್ಚು ತಿರುಗಾಡಬೇಕಾಯಿತು ಎಂದರೆ ಅತಿಶಯೋಕ್ತಿಯಲ್ಲ. ಹಳೆಯ ಶೂವಿನ ಮೂಲ ಒಳಹಾಸನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಇಟ್ಟರೆ ಹಿಮ್ಮಡಿ ಮೇಲೆದ್ದು ಶೂವಿನಿಂದ ಜಾರುತ್ತದೆ, ಬೆರಳುಗಳ ಮೇಲ್ಭಾಗ ಉಜ್ಜುತ್ತದೆ. ಹೊರ ಅಂಚು ಆಗಲೇ ಸವೆದುಹೋದ ಶೂವಿನೊಳಗೆ ಬೆಣೆ ಇಟ್ಟರೆ ಸವೆತ ಅದರ ಇಳಿಜಾರನ್ನು ಅಲ್ಲಿಗಲ್ಲಿಗೆ ಸರಿಗಟ್ಟಿಬಿಡುತ್ತದೆ. ಒಳಹಾಸನ್ನು ಬಿಡಿಸಿ ತೆಗೆಯಬಹುದಾದ, ಬೆರಳುಗಳ ಭಾಗ ಅಗಲವಾಗಿರುವ, ಹಿಮ್ಮಡಿ ಎತ್ತರವಿಲ್ಲದ, ಹಿಮ್ಮಡಿಯನ್ನು ಸುತ್ತ ಬಿಗಿಯಾಗಿ ಹಿಡಿಯುವ ಗಟ್ಟಿ ಹಿಂಗೋಡೆ ಇರುವ, ಲೇಸು ಕಟ್ಟುವ ಶೂವನ್ನೇ ಆರಿಸಬೇಕಾಯಿತು. ಎರಡೂ ಕೈಯಿಂದ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿದಾಗ ಶೂವಿನ ನಡುಭಾಗ ಸುಲಭವಾಗಿ ತಿರುಚಿಕೊಳ್ಳಬಾರದು ಎಂಬುದು ನಾನು ಕಲಿತ ಸರಳ ಪರೀಕ್ಷೆ.

ಮೊದಲ ದಿನ ಒಂದು ಗಂಟೆ, ಆಮೇಲೆ ದಿನಕ್ಕೊಂದು ಗಂಟೆಯಂತೆ ಹೆಚ್ಚಿಸುತ್ತ ಹೋಗಬೇಕೆಂದು ಹೇಳಿದ್ದರು. ಮೂರನೆಯ ದಿನ ಉತ್ಸಾಹದಲ್ಲಿ ಆರು ಗಂಟೆ ಹಾಕಿಕೊಂಡೆ, ಮರುದಿನ ಕಿರುಬೆರಳಿನ ಪಕ್ಕದಲ್ಲಿ ಬೊಕ್ಕೆ ಎದ್ದಿತ್ತು. ಎರಡನೆಯ ವಾರ ಹರಡಿನ ಹೊರಭಾಗದಲ್ಲಿ ಮಂದವಾದ ನೋವು ಬಂತು, ಸೊಂಟದ ಕೆಳಭಾಗವೂ ಎರಡು ಸಂಜೆ ಹಿಡಿದುಕೊಂಡಿತು. ಪಾದದ ಕೋನ ಬದಲಾದಾಗ ಅದರ ಮೇಲಿರುವ ಕೀಲುಗಳೆಲ್ಲ ತುಸು ತುಸು ಹೊಂದಿಕೊಳ್ಳಬೇಕಾಗುತ್ತದೆ. ಹೊಂದಾಣಿಕೆಯ ನೋವು ಸ್ನಾಯುಗಳಲ್ಲಿ ಹರಡಿಕೊಂಡಿದ್ದು ಒಂದೆರಡು ವಾರದಲ್ಲಿ ತಗ್ಗುತ್ತ ಬರಬೇಕು, ಮಂಡಿಯಲ್ಲೇ ಆಗಲಿ ಹರಡಿನ ಕೀಲಿನಲ್ಲೇ ಆಗಲಿ ಒಂದೇ ಜಾಗದಲ್ಲಿ ಚುಚ್ಚುತ್ತ ಏರುತ್ತ ಹೋಗುವ ನೋವಿದ್ದರೆ ಹಾಸನ್ನು ಆಗಲೇ ತೆಗೆದಿಡಬೇಕು ಎಂದು ಫಿಸಿಯೋಥೆರಪಿಸ್ಟ್ ವ್ಯತ್ಯಾಸ ಬಿಡಿಸಿ ಹೇಳಿದರು. ಜೆಲ್ ಹಾಸಿನ ಕಾಲದಲ್ಲಿ ಈ ಮಾತು ನನಗೆ ಗೊತ್ತಿದ್ದರೆ ಎಂದು ಅನೇಕ ಸಲ ಅನಿಸಿದೆ. ನನ್ನ ಸೊಂಟ ಮತ್ತು ಹರಡಿನ ನೋವು ನಾಲ್ಕನೆಯ ವಾರದ ಹೊತ್ತಿಗೆ ಹೋಯಿತು.

ಪ್ರತಿ ರಾತ್ರಿ ಒಂದು ಪುಸ್ತಕದಲ್ಲಿ ಮೂರು ಅಂಕಗಳನ್ನು ಬರೆದಿಡುತ್ತಿದ್ದೆ: ಇಪ್ಪತ್ತು ನಿಮಿಷ ನಡೆದ ಮೇಲಿನ ನೋವು, ಮೆಟ್ಟಿಲು ಇಳಿಯುವಾಗಿನ ನೋವು, ರಾತ್ರಿ ಮಲಗಿದಾಗಿನ ನೋವು. ಆರು ವಾರಗಳ ಕೊನೆಗೆ ನಡಿಗೆಯ ಅಂಕ ಆರರಿಂದ ನಾಲ್ಕಕ್ಕೆ ಇಳಿದಿತ್ತು. ಮೆಟ್ಟಿಲಿನದು ಆರರಲ್ಲೇ ಉಳಿದಿತ್ತು. ರಾತ್ರಿಯ ನೋವು ಬಹುತೇಕ ಇರಲಿಲ್ಲ. ನನಗೆ ತುಂಬ ಸಂತೋಷವಾಯಿತು, ಮತ್ತು ಆ ಸಂತೋಷದಲ್ಲಿಯೇ ಬೆಣೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಲು ಕುಳಿತೆ.

ಓದಿದ್ದು ನಾನು ನಿರೀಕ್ಷಿಸಿದಂತಿರಲಿಲ್ಲ. ಆಸ್ಟ್ರೇಲಿಯಾದ ಸಂಶೋಧಕರು ಒಳಬದಿಯ ಮಂಡಿ ಸವೆತವಿದ್ದ 200 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಐದು ಡಿಗ್ರಿಯ ಬೆಣೆಯನ್ನೂ ಇನ್ನೊಂದಕ್ಕೆ ಸಮತಟ್ಟಾದ ಹಾಸನ್ನೂ ಕೊಟ್ಟು ಹನ್ನೆರಡು ತಿಂಗಳು ಗಮನಿಸಿ 2011ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ನೋವಿನಲ್ಲಾಗಲಿ, ಮೃದ್ವಸ್ಥಿಯ ಸವೆತದಲ್ಲಾಗಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಂಡಿರಲಿಲ್ಲ. 2013ರಲ್ಲಿ ಇಂಥ 12 ಪ್ರಯೋಗಗಳ, ಒಟ್ಟು 885 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೂ ಅದನ್ನೇ ಹೇಳುತ್ತದೆ: ಬೆಣೆಯನ್ನು ಇತರ ಚಿಕಿತ್ಸೆಗಳೊಂದಿಗೆ ಹೋಲಿಸಿದ ಪ್ರಯೋಗಗಳನ್ನೂ ಸೇರಿಸಿ ನೋಡಿದರೆ ಲಾಭ ಕಾಣುತ್ತದೆ, ಸಮತಟ್ಟಾದ ಹಾಸಿನೊಂದಿಗೆ ಹೋಲಿಸಿದವನ್ನಷ್ಟೇ ನೋಡಿದರೆ ಆ ಲಾಭ ಬಹುಮಟ್ಟಿಗೆ ಕರಗಿಹೋಗುತ್ತದೆ. ಅಮೆರಿಕದ ಸಂಧಿರೋಗ ತಜ್ಞರ ಸಂಸ್ಥೆಯಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 2019ರ ತನ್ನ ಮಾರ್ಗಸೂಚಿಯಲ್ಲಿ ಬೆಣೆ ಹಾಸುಗಳನ್ನು ಬಳಸದಿರುವಂತೆ ಷರತ್ತುಬದ್ಧ ಸಲಹೆ ನೀಡಿದೆ. ಅದೇ ಮಾರ್ಗಸೂಚಿ ವ್ಯಾಯಾಮ, ತೂಕ ಇಳಿಕೆ ಮತ್ತು ಊರುಗೋಲನ್ನು ಬಲವಾಗಿ ಶಿಫಾರಸು ಮಾಡುತ್ತದೆ.

ಎರಡು ದಿನ ಮನಸ್ಸು ಸರಿಯಿರಲಿಲ್ಲ. ಇಳಿದದ್ದು ನಿಜವಾದ ನೋವೇ, ಅದನ್ನು ನಾನು ಕಲ್ಪಿಸಿಕೊಂಡಿರಲಿಲ್ಲ. ಆದರೆ ಅದನ್ನು ಇಳಿಸಿದ್ದು ಬೆಣೆಯ ಇಳಿಜಾರೋ, ಹೊಸ ಶೂವೋ, ಪಾದದಡಿಯ ಮೆತ್ತೆಯೋ, ಆ ಆರು ವಾರಗಳಲ್ಲಿ ಶುರುಮಾಡಿದ್ದ ವ್ಯಾಯಾಮವೋ ಎಂಬುದು ನನಗೆ ತಿಳಿಯಬೇಕಿತ್ತು. ಫಿಸಿಯೋಥೆರಪಿಸ್ಟ್ ಮುಂದೆ ಈ ಪ್ರಶ್ನೆ ಇಟ್ಟಾಗ ಅವರು ಬೇಸರಪಡಲಿಲ್ಲ. ಆ ಅಧ್ಯಯನಗಳು ಸರಾಸರಿಯನ್ನು ಹೇಳುತ್ತವೆ, ಬೆಣೆಗೆ ಚೆನ್ನಾಗಿ ಸ್ಪಂದಿಸುವ ಕಾಲುಗಳನ್ನು ಮೊದಲೇ ಆರಿಸಿ ನಡೆಸಿದ ಪ್ರಯೋಗದಲ್ಲೂ ಸಿಕ್ಕ ಲಾಭ ಚಿಕ್ಕದೇ, ಆದ್ದರಿಂದ ನಿಮ್ಮ ಕಾಲಿನ ಮೇಲೆ ನೀವೇ ಪರೀಕ್ಷಿಸಿ ನೋಡಿ ಎಂದು ಹೇಳಿ, ಅದೇ ಫೋಮಿನಿಂದ ಬಲಗಾಲಿಗೂ ಸಮತಟ್ಟಾದ ಹಾಸೊಂದನ್ನು ಮಾಡಿಸಿಕೊಟ್ಟರು.

ಎರಡು ವಾರ ಬೆಣೆ, ಎರಡು ವಾರ ಸಮತಟ್ಟು, ಮತ್ತೆ ಎರಡು ವಾರ ಬೆಣೆ, ಮತ್ತೆ ಎರಡು ವಾರ ಸಮತಟ್ಟು. ಅದೇ ಶೂ, ಅದೇ ದಾರಿ, ಅದೇ ಹೊತ್ತಿನ ನಡಿಗೆ. ಯಾವ ಹಾಸು ಒಳಗಿದೆ ಎಂಬುದು ಪಾದಕ್ಕೆ ತಿಳಿದೇ ಬಿಡುವುದರಿಂದ ಅದು ನನಗೇ ಗೊತ್ತಾಗದಂತೆ ಪರೀಕ್ಷೆ ನಡೆಸಲು ಸಾಧ್ಯವಿರಲಿಲ್ಲ, ಆದರೆ ಹಿಂದಿನ ಅಂಕಗಳನ್ನು ನೋಡದೆ ಪ್ರತಿದಿನ ಹೊಸ ಹಾಳೆಯಲ್ಲಿ ಬರೆಯುವಷ್ಟು ಎಚ್ಚರ ವಹಿಸಿದೆ. ಎಂಟು ವಾರಗಳ ಕೊನೆಗೆ ಲೆಕ್ಕ ಹಾಕಿದಾಗ ನಡಿಗೆಯ ಸರಾಸರಿ ಅಂಕ ಬೆಣೆಯ ವಾರಗಳಲ್ಲಿ 3.4, ಸಮತಟ್ಟು ಹಾಸಿನ ವಾರಗಳಲ್ಲಿ 3.9 ಇತ್ತು. ಮೆಟ್ಟಿಲಿನ ಅಂಕದಲ್ಲಿ ವ್ಯತ್ಯಾಸವೇ ಇರಲಿಲ್ಲ. ಒಂದು ಕಡೆ ಮಾತ್ರ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು: ನಲವತ್ತೈದು ನಿಮಿಷ ಮೀರಿದ ನಡಿಗೆಯ ದಿನಗಳಲ್ಲಿ, ಬೆಣೆ ಇದ್ದಾಗ ಸಂಜೆಯ ಹೊತ್ತಿಗೆ ಒಳಮಗ್ಗುಲಿನ ಆ ಕೊರೆತ ತಡವಾಗಿ ಶುರುವಾಗುತ್ತಿತ್ತು. ಅರ್ಧ ಅಂಕದ ಲಾಭ ಬೆಣೆಯದಾದರೆ, ಆರರಿಂದ ನಾಲ್ಕರ ಆಸುಪಾಸಿಗೆ ಇಳಿದ ದೊಡ್ಡ ಲಾಭ ಬೇರೆಯದರದ್ದು. ಅದನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟವಾಯಿತಾದರೂ ಪುಸ್ತಕದಲ್ಲಿ ನನ್ನದೇ ಕೈಬರಹವಿತ್ತು.

ಬೇರೆಯದೆಂದರೆ ಏನು ಎಂಬುದಕ್ಕೂ ಸುಳಿವು ಸಿಕ್ಕಿತು. ಒಂದು ದಿನ ಹಳೆಯ, ಚಪ್ಪಲಿಯಂತೆ ಬಳುಕುವ ತೆಳು ತಳದ ಶೂವಿಗೆ ಅದೇ ಬೆಣೆಯನ್ನು ಹಾಕಿ ನಡೆದೆ. ಸಂಜೆಗೆ ಅಂಕ ಐದಕ್ಕೆ ಏರಿತ್ತು. ಬಳುಕುವ ಶೂಗಳಿಗಿಂತ ಗಟ್ಟಿಯಾದ, ಆಸರೆ ಕೊಡುವ ಶೂಗಳೇ ಮಂಡಿ ಸವೆತದ ನೋವನ್ನು ಹೆಚ್ಚು ತಗ್ಗಿಸಿದವು ಎಂದು 164 ಜನರ ಮೇಲೆ ಆರು ತಿಂಗಳು ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೂ ಹೇಳುತ್ತದೆ. ಇನ್ನೊಂದು ಕಾರಣ ವ್ಯಾಯಾಮ: ಕುಳಿತು ಕಾಲನ್ನು ನೇರಕ್ಕೆ ಚಾಚಿ ಹಿಡಿಯುವುದು, ಗೋಡೆಗೆ ಬೆನ್ನು ಕೊಟ್ಟು ನೋವಿಲ್ಲದಷ್ಟೇ ಕೆಳಕ್ಕೆ ಜಾರುವುದು, ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಎತ್ತುವುದು. ತೊಡೆಯ ಮುಂಭಾಗದ ಮತ್ತು ಸೊಂಟದ ಪಕ್ಕದ ಸ್ನಾಯುಗಳು ಗಟ್ಟಿಯಾಗಲು ಸುಮಾರು ಮೂರು ತಿಂಗಳು ಬೇಕಾಯಿತು, ಮೆಟ್ಟಿಲಿನ ಅಂಕ ಕೊನೆಗೂ ಇಳಿಯಲಾರಂಭಿಸಿದ್ದು ಆಮೇಲೆಯೇ. ನಾಲ್ಕು ಕಿಲೋ ತೂಕವನ್ನೂ ಇಳಿಸಿದೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋದಷ್ಟು ಭಾರ ಕಡಿಮೆಯಾಗುತ್ತದೆ ಎಂಬ ಲೆಕ್ಕವನ್ನು ಓದಿದ ಮೇಲೆ, ಯಾವ ಹಾಸೂ ಅಷ್ಟು ಮಾಡಲಾರದು ಎಂಬುದು ಮನಸ್ಸಿಗೆ ನಾಟಿತ್ತು.

ನನ್ನ ಅನುಭವ ನನ್ನಂಥ ಮಂಡಿಗೆ ಮಾತ್ರ ಹೊಂದುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ಸವೆತ ಮಂಡಿಯ ಹೊರಬದಿಯಲ್ಲಿದ್ದು, ಮಂಡಿಗಳು ಒಂದಕ್ಕೊಂದು ತಾಗುವಂತೆ ಒಳಕ್ಕೆ ಬಾಗಿರುವವರಿಗೆ ಹೊರ ಅಂಚಿನ ಬೆಣೆ ನೋವನ್ನು ಹೆಚ್ಚಿಸಬಲ್ಲದು, ನನಗೆ ಆ ಜೆಲ್ ಹಾಸು ಮಾಡಿದಂತೆಯೇ. ನೋವು ಮುಖ್ಯವಾಗಿ ಮಂಡಿಚಿಪ್ಪಿನ ಹಿಂದೆ ಇರುವವರಿಗೆ ಬೆಣೆಯ ಲೆಕ್ಕಾಚಾರವೇ ಅನ್ವಯಿಸುವುದಿಲ್ಲ. ಹರಡಿನ ಕೀಲಿನಲ್ಲಿ ತೊಂದರೆ ಇರುವವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರು ತಾವಾಗಿಯೇ ಯಾವ ಹಾಸನ್ನೂ ಹಾಕಿಕೊಳ್ಳಬಾರದು. ನನ್ನ ಕಿರುಬೆರಳಿನ ಬೊಕ್ಕೆ ನೋವಿನಿಂದಲೇ ನನಗೆ ಗೊತ್ತಾಯಿತು, ನೋವೇ ತಿಳಿಯದ ಪಾದದಲ್ಲಿ ಅಂಥದೊಂದು ಬೊಕ್ಕೆ ಹುಣ್ಣಾಗುವವರೆಗೂ ಗಮನಕ್ಕೆ ಬರದಿರಬಹುದು. ನಿಂತು ತೆಗೆದ ಎಕ್ಸ್-ರೇ, ನಡಿಗೆಯನ್ನು ನೋಡಬಲ್ಲ ಒಬ್ಬ ತಜ್ಞರ ಕಣ್ಣು, ತಾತ್ಕಾಲಿಕ ಬೆಣೆಯ ಪರೀಕ್ಷೆ, ಈ ಮೂರೂ ಆಗುವ ಮೊದಲು ಹಣ ಕೊಟ್ಟು ಬೆಣೆ ಮಾಡಿಸಬೇಡಿ ಎಂದು ನನ್ನನ್ನು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

ಎಂಟನೆಯ ತಿಂಗಳಲ್ಲಿ ಬೆಣೆಯನ್ನು ಶೂವಿನಿಂದ ತೆಗೆದು ಅಳೆಯುವ ಪಟ್ಟಿಯಿಂದ ದಪ್ಪ ನೋಡಿದೆ. ಹಿಮ್ಮಡಿಯ ಹೊರ ಅಂಚು ಹೊಸದರಲ್ಲಿ ಇದ್ದುದಕ್ಕಿಂತ ಎರಡು ಮಿಲಿಮೀಟರ್ ಕುಗ್ಗಿತ್ತು. ಫೋಮ್ ದಿನವೂ ಹಿಂಡಿಸಿಕೊಂಡು ಕ್ರಮೇಣ ಚಪ್ಪಟೆಯಾಗುತ್ತದೆ, ಕಣ್ಣಿಗೆ ಚೆನ್ನಾಗಿಯೇ ಕಾಣುವ ಹಾಸು ಕೆಲಸ ನಿಲ್ಲಿಸಿರಬಹುದು ಎಂದು ಮೊದಲೇ ಎಚ್ಚರಿಸಿದ್ದರು. ಹೊಸದನ್ನು ಮಾಡಿಸಬೇಕೇ ಎಂದು ಒಂದು ವಾರ ಯೋಚಿಸಿ, ಒಂದು ಜೊತೆಯನ್ನು ಮಾತ್ರ ಮಾಡಿಸಿದೆ. ದೂರ ನಡೆಯುವ ಶೂವಿನಲ್ಲಿ ಬೆಣೆ ಇದೆ, ಉಳಿದ ಶೂಗಳಲ್ಲಿ ಸಮತಟ್ಟು ಹಾಸು. ಕಳೆದ ವಾರ ಒಂದು ಗಂಟೆ ನಡೆದ ದಿನ ಪುಸ್ತಕದಲ್ಲಿ ಬರೆದ ಅಂಕ ಮೂರು. ಮೆಟ್ಟಿಲು ಇಳಿಯುವಾಗ ಈಗಲೂ ಕಂಬಿ ಹಿಡಿಯುತ್ತೇನೆ, ಮೊದಲು ಬಲಗಾಲನ್ನು ಕೆಳಗಿಡುತ್ತೇನೆ. ಅಲ್ಲಿನ ಅಂಕ ನಾಲ್ಕು.